ನಂಬರ್ ಪ್ಲೇಟ್ ಇಲ್ಲದ ಸ್ಕೂಟರ್‌ಗೆ ಕಾನೂನೂ ಇಲ್ವಾ?

ಬೆಂಗಳೂರಿನ ಸಿಗ್ನಲ್‌ಗಳಲ್ಲಿ ಈಗ ಮಾಮೂಲಿ ನೋಟ ಇದು: ಪುಟ್ಟ ಎಲೆಕ್ಟ್ರಿಕ್ ಸ್ಕೂಟರ್, ಹಿಂದೆ ಡೆಲಿವರಿ ಬ್ಯಾಗ್, ನಂಬರ್ ಪ್ಲೇಟ್ ಮಾತ್ರ ಇಲ್ಲ. ಕೇಳಿದ್ರೆ, "ಇದಕ್ಕೆ ಡಿಎಲ್ ಬೇಡ, ಆರ್‌ಸಿ ಬೇಡ" ಅಂತಾರೆ. ಆ ಮಾತು ಅರ್ಧ ಸರಿ. ಇವತ್ತು ಉಳಿದರ್ಧದ ಬಗ್ಗೆ ಮಾತಾಡೋಣ.

1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ, ಎರಡು ಷರತ್ತು ಪೂರೈಸುವ ಬ್ಯಾಟರಿ ಸ್ಕೂಟರ್ 'ಮೋಟಾರು ವಾಹನ'ವೇ ಅಲ್ಲ. ಮೋಟರ್‌ನ 30 ನಿಮಿಷದ ಪವರ್ 250 ವ್ಯಾಟ್‌ಗಿಂತ ಕಡಿಮೆ ಇರಬೇಕು. ಗರಿಷ್ಠ ವೇಗ ಗಂಟೆಗೆ 25 ಕಿ.ಮೀ.ಗಿಂತ ಕಡಿಮೆ ಇರಬೇಕು. ಇದನ್ನ ಪುಣೆಯ ಎಆರ್‌ಎಐನಂಥ ಪರೀಕ್ಷಾ ಸಂಸ್ಥೆ ದೃಢೀಕರಿಸಿರಬೇಕು. ಆಗ ಲೈಸೆನ್ಸ್, ನೋಂದಣಿ, ಇನ್ಶೂರೆನ್ಸ್ ಕಡ್ಡಾಯ ಅಲ್ಲ.

ಅಂದ್ರೆ ವಿನಾಯಿತಿ ಸಿಕ್ಕಿರೋದು ಬ್ಯಾಟರಿಗಲ್ಲ, ನಿಧಾನಕ್ಕೆ. ಸ್ಪೀಡ್ ಲಾಕ್ ತೆಗೆಸಿ 40ರಲ್ಲಿ ಓಡಿಸಿದ್ರೆ, ಅದೇ ಸ್ಕೂಟರ್ ಕಾನೂನಿನ ಕಣ್ಣಲ್ಲಿ ನೋಂದಣಿಯಾಗದ, ಇನ್ಶೂರೆನ್ಸ್ ಇಲ್ಲದ ಮೋಟಾರು ವಾಹನ.

ಸವಾರರು ಇದನ್ನ ನೋಡೋ ರೀತಿ ಬೇರೆ ಬೇರೆ. ಡೆಲಿವರಿ ಹುಡುಗರಿಗೆ ವೇಗ ಅಂದ್ರೆ ದಿನಕ್ಕೆ ಇನ್ನೆರಡು ಆರ್ಡರ್; 25ರಲ್ಲಿ ಹೋದ್ರೆ ಬಾಡಿಗೆ ಹುಟ್ಟಲ್ಲ ಅನ್ನೋ ಲೆಕ್ಕ. ಕೆಲವು ಅಪ್ಪ-ಅಮ್ಮಂದಿರಿಗೆ ಅದು ಮಗ ಟ್ಯೂಷನ್‌ಗೆ ಹೋಗೋ ಸೈಕಲ್ ಇದ್ದಂಗೆ. ಪೆಟ್ರೋಲ್ ಬೈಕ್‌ನವರಿಗೆ ಸಿಟ್ಟು: "ಟ್ಯಾಕ್ಸ್ ಕಟ್ಟೋರೂ ನಾವೇ, ಫೈನ್ ಕಟ್ಟೋರೂ ನಾವೇ."

ನಾನು ಬಿ.ಕಾಂ. ಓದಿದವನು, ಹಾಗಾಗಿ ಲೆಕ್ಕದಲ್ಲೇ ಹೇಳ್ತೀನಿ. ಲಾಕ್ ತೆಗೆಸಿದ ಗಾಡಿ ಯಾರಿಗಾದ್ರೂ ಗುದ್ದಿದ್ರೆ, ಪರಿಹಾರ ಕೊಡೋಕೆ ಇನ್ಶೂರೆನ್ಸ್ ಕಂಪನಿ ಇರಲ್ಲ. ಹೊರೆ ಬೀಳೋದು ಓಡಿಸಿದವರ, ಮಾಲೀಕರ ಮೇಲೆ. ಓಡಿಸಿದ್ದು ಅಪ್ರಾಪ್ತ ಮಗ ಆದ್ರೆ, 2019ರ ತಿದ್ದುಪಡಿ ಪ್ರಕಾರ ಪೋಷಕರಿಗೆ 25,000 ರೂಪಾಯಿ ದಂಡ, 3 ವರ್ಷದವರೆಗೆ ಜೈಲು ಆಗಬಹುದು. ಲಾಕ್ ತೆಗೆದುಕೊಟ್ಟ ಅಂಗಡಿಯವನು ಆ ಹೊತ್ತಿಗೆ ಫೋನ್ ಎತ್ತೋದು ಅನುಮಾನ.

ಇನ್ನೊಂದು ಮಾತು. ಲಾಕ್ ಇರೋ ಗಾಡಿಗೂ ಪೂರ್ತಿ ಸ್ವಾತಂತ್ರ್ಯ ಇಲ್ಲ. ಅಜಾಗರೂಕ ಚಾಲನೆಗೆ ಶಿಕ್ಷೆ ಹೇಳೋ ಭಾರತೀಯ ನ್ಯಾಯ ಸಂಹಿತೆಯ 281ನೇ ಸೆಕ್ಷನ್ 'ಯಾವುದೇ ವಾಹನ' ಅನ್ನುತ್ತೆ. ಹೆಲ್ಮೆಟ್ ಕಡ್ಡಾಯ ಅಲ್ಲದೆ ಇರಬಹುದು, ಆದರೆ ತಲೆಗೆ ವಿನಾಯಿತಿ ಇಲ್ಲ.

ಕೊಳ್ಳೋ ಮುಂಚೆ, ಬಾಡಿಗೆಗೆ ತಗೊಳ್ಳೋ ಮುಂಚೆ ಪರೀಕ್ಷಾ ಪ್ರಮಾಣಪತ್ರದ ಪ್ರತಿ ಕೇಳಿ. ಬ್ರೋಷರ್‌ನಲ್ಲಿರೋ 'ಪೀಕ್ ಪವರ್' ಬೇರೆ, ಕಾನೂನು ನೋಡೋ 30 ನಿಮಿಷದ ಪವರ್ ಬೇರೆ. ಒಂದು ಸುತ್ತು ಓಡಿಸಿ ನೋಡಿ. ಮುಳ್ಳು 25 ದಾಟಿದ್ರೆ ಹಸಿರು ನಂಬರ್ ಪ್ಲೇಟ್ ಎಲ್ಲಿ ಅಂತ ಕೇಳಿ. ವೇಗ ಬೇಕೇಬೇಕು ಅಂದ್ರೆ ನೋಂದಣಿ ಆಗಿರೋ ಗಾಡಿನೇ ತಗೊಳ್ಳಿ.