ಟಿಸಿ ತೆಗೆಸುವ ಮೊದಲು ಸ್ಕಾಲರ್‌ಶಿಪ್ ವಿಚಾರ ಕೇಳಿಕೊಳ್ಳಿ

ರಿಸಲ್ಟ್ ಬಂದ ವಾರದಿಂದ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ನಮ್ಮ ಮನೆಗಳಲ್ಲಿ ಒಂದೇ ಚರ್ಚೆ. ಮಗುವನ್ನು ಇಲ್ಲೇ ಓದಿಸೋದಾ, ಕೇರಳಕ್ಕೆ ಕಳಿಸೋದಾ? ಕಾಸರಗೋಡಿನಲ್ಲಿ ಸಂಬಂಧಿಕರಿದ್ದಾರೆ, ಹಾಸ್ಟೆಲ್ ಇದೆ, ಸ್ಕೂಲೂ ದೀನೀ ಪಾಠವೂ ಒಟ್ಟಿಗೆ ನಡೆಯುತ್ತದೆ. ಬಸ್ ಚಾರ್ಜಿನವರೆಗೆ ಎಲ್ಲ ಲೆಕ್ಕ ಹಾಕುತ್ತೇವೆ. ಮಗು ಪರೀಕ್ಷೆ ಬರೆದು ಗೆದ್ದ ಸ್ಕಾಲರ್‌ಶಿಪ್ ನೆನಪಾಗುವುದು ಮಾತ್ರ ಟಿಸಿ ಕೈಗೆ ಬಂದ ಮೇಲೆ.

ಎಂಟನೇ ಕ್ಲಾಸಿನಲ್ಲಿ ಬರೆಯುವ ಎನ್‌ಎಂಎಂಎಸ್ ಪರೀಕ್ಷೆಯನ್ನೇ ನೋಡಿ. ಕೇಂದ್ರ ಸರ್ಕಾರ 2008ರಲ್ಲಿ ಶುರು ಮಾಡಿದ್ದು. ಪಾಸಾದ ಮಗುವಿಗೆ ಒಂಬತ್ತರಿಂದ ಹನ್ನೆರಡರವರೆಗೆ ವರ್ಷಕ್ಕೆ 12,000 ರೂಪಾಯಿ, ಅಂದರೆ ನಾಲ್ಕು ವರ್ಷಕ್ಕೆ 48,000. ಮನೆಯ ವರಮಾನ ಮೂರೂವರೆ ಲಕ್ಷ ದಾಟಬಾರದು. ಸಣ್ಣ ಅಂಗಡಿ, ಮೀನು ವ್ಯಾಪಾರದ ಮನೆಗೆ ಇದು ಕಮ್ಮಿ ದುಡ್ಡಲ್ಲ.

ಈ ಹಣ ನಿಲ್ಲುವುದು ಹೆಚ್ಚಾಗಿ ಗಡಿ ದಾಟಿದ್ದಕ್ಕಲ್ಲ, ಸೇರಿದ ಶಾಲೆಯಿಂದ. ಸರ್ಕಾರಿ, ಅನುದಾನಿತ ಅಥವಾ ಸ್ಥಳೀಯ ಸಂಸ್ಥೆಯ ಶಾಲೆಯಲ್ಲಿ ಓದುವವರಿಗೆ ಮಾತ್ರ ಈ ಯೋಜನೆ. ಹಾಗಾಗಿ ಕೇರಳದ ಖಾಸಗಿ ಅನುದಾನರಹಿತ ಶಾಲೆಗೆ ಸೇರಿಸಿದರೆ ಹೋಯಿತು. ಹಾಸನದಲ್ಲೇ ಖಾಸಗಿ ಪಿಯು ಕಾಲೇಜಿಗೆ ಸೇರಿಸಿದರೂ ಹೋಯಿತು! ಊಟ-ವಸತಿ ಸಮೇತ ಸರ್ಕಾರವೇ ನಡೆಸುವ ವಸತಿ ಶಾಲೆ, ಕೇಂದ್ರೀಯ ವಿದ್ಯಾಲಯ, ನವೋದಯದ ಮಕ್ಕಳಿಗೂ ಇಲ್ಲ. ಮೊರಾರ್ಜಿ ಶಾಲೆಯ ಪೋಷಕರು ಇದನ್ನು ಗಮನಿಸಬೇಕು. ಹತ್ತನೆಯಲ್ಲಿ ಶೇ. 60 ಬರದಿದ್ದರೆ ಮುಂದಿನ ಎರಡು ವರ್ಷದ ಹಣವೂ ಬರಲ್ಲ.

ಇನ್ನೂ ಪರೀಕ್ಷೆ ಬರೆಯದ ಮಗುವಾದರೆ ಲೆಕ್ಕ ಬೇರೆ. ಸೀಟುಗಳನ್ನು ರಾಜ್ಯವಾರು ಹಂಚಿರುತ್ತಾರೆ. ಮಗು ಎಂಟನೇ ಕ್ಲಾಸ್ ಎಲ್ಲಿ ಓದುತ್ತದೋ ಅದೇ ರಾಜ್ಯದ ಪರೀಕ್ಷೆ, ಅದೇ ರಾಜ್ಯದ ಕೋಟಾ. ಏಳನೆಯ ಶೇ. 55 ಅಂಕ ತೋರಿಸಬೇಕಾದ್ದರಿಂದ ಹಳೆಯ ಮಾರ್ಕ್ಸ್ ಕಾರ್ಡ್ ಜೋಪಾನ.

ಪಿಯುಸಿ ನಂತರದ್ದು ಕೇಂದ್ರದ ಪಿಎಂ-ಯುಎಸ್‌ಪಿ. ವರ್ಷಕ್ಕೆ 82,000 ಹೊಸ ಸ್ಕಾಲರ್‌ಶಿಪ್, ಅರ್ಧ ಹೆಣ್ಣುಮಕ್ಕಳಿಗೆ. ಡಿಗ್ರಿಗೆ ವರ್ಷಕ್ಕೆ 12,000 ರೂಪಾಯಿ, ವರಮಾನದ ಮಿತಿ ನಾಲ್ಕೂವರೆ ಲಕ್ಷ. ಇಲ್ಲಿ ಬೋರ್ಡೇ ಮುಖ್ಯ. ಹನ್ನೆರಡನೆಯಲ್ಲಿ ತನ್ನ ಬೋರ್ಡಿನ ಮೇಲಿನ ಶೇ. 20ರೊಳಗೆ ಬಂದಿರಬೇಕು. ಚನ್ನರಾಯಪಟ್ಟಣದಲ್ಲಿ ಪಿಯುಸಿ ಮುಗಿಸಿ ಡಿಗ್ರಿಗೆ ಕೋಯಿಕ್ಕೋಡಿಗೆ ಹೋದ ಹುಡುಗಿ ಕರ್ನಾಟಕದ ಪಿಯು ಪಟ್ಟಿಯಲ್ಲೇ ಇರುತ್ತಾಳೆ. ಪ್ಲಸ್ ಟು ಕೇರಳದಲ್ಲಿ ಮಾಡಿದವಳು ಕೇರಳ ಬೋರ್ಡಿನ ಮಕ್ಕಳ ಜೊತೆ ಸ್ಪರ್ಧಿಸಬೇಕು. ಮಗುವನ್ನು ಹೊರಗೆ ಕಳಿಸಲೇಬೇಕು ಅಂದರೆ ಪಿಯುಸಿ ಮುಗಿಸಿ ಕಳಿಸುವುದು ಒಳ್ಳೆಯದು ಅನ್ನುವುದು ನಮ್ಮ ಅನಿಸಿಕೆ. ಸಿಇಟಿಗೂ ಅದೇ ಅನುಕೂಲ: ಒಂದರಿಂದ ಹನ್ನೆರಡರೊಳಗೆ ಏಳು ವರ್ಷ ಕರ್ನಾಟಕದಲ್ಲಿ ಓದಿರಬೇಕೆನ್ನುವುದು ಅಲ್ಲಿನ ಸಾಮಾನ್ಯ ನಿಯಮ.

ನ್ಯಾಷನಲ್ ಸ್ಕಾಲರ್‌ಶಿಪ್ ಪೋರ್ಟಲ್ಲಿನ ಅರ್ಜಿಯಲ್ಲಿ ‘ಡೊಮಿಸೈಲ್’ ಅಂತ ಒಂದು ಕಾಲಂ ಇದೆ. ಕಾಯಂ ವಿಳಾಸ ಇರುವ ರಾಜ್ಯ ಅಂತ ಅದರರ್ಥ, ಓದುವ ಕಾಲೇಜಿನ ರಾಜ್ಯ ಅಲ್ಲ. ಮನೆ ಅರಕಲಗೂಡಿನಲ್ಲಿದ್ದು ಮಗ ಮಾತ್ರ ಹಾಸ್ಟೆಲಿನಲ್ಲಿದ್ದರೆ ಕರ್ನಾಟಕ ಅಂತಲೇ ತುಂಬಿಸಿ. ಸೈಬರ್ ಸೆಂಟರಿನವರು ಕಾಲೇಜು ನೋಡಿ ಕೇರಳ ಒತ್ತಿಬಿಟ್ಟಾರು, ಪಕ್ಕದಲ್ಲೇ ಕೂತಿರಿ. ಇಲ್ಲಿ ಸಿಕ್ಕಿದ 2ಬಿ ಸರ್ಟಿಫಿಕೇಟ್ ಕೂಡ ಕರ್ನಾಟಕದ ಪಟ್ಟಿಯದ್ದು, ಕೇರಳದ ಮೀಸಲಾತಿಗೆ ನಡೆಯಲ್ಲ.

ಆದ್ದರಿಂದ ಟಿಸಿಗೆ ಅರ್ಜಿ ಕೊಡುವ ಮೊದಲು ಹೊಸ ಶಾಲೆಗೆ ಫೋನ್ ಮಾಡಿ ಎರಡು ಪ್ರಶ್ನೆ ಕೇಳಿ: ನಿಮ್ಮದು ಅನುದಾನಿತವೇ? ಎನ್‌ಎಸ್‌ಪಿಯಲ್ಲಿ ನಿಮ್ಮ ಶಾಲೆ ನೋಂದಣಿಯಾಗಿದೆಯೇ? ನವೀಕರಣ ಪ್ರತಿವರ್ಷ ಆಗಬೇಕು, ಅದನ್ನು ಶಾಲೆಯವರೇ ಮೊದಲು ಪರಿಶೀಲಿಸಬೇಕು. ಎನ್‌ಎಂಎಂಎಸ್ ರಿಸಲ್ಟಿನ ಪ್ರತಿ, ಒಟಿಆರ್ ನಂಬರ್, ಆಧಾರ್ ಜೋಡಿಸಿದ ಪಾಸ್‌ಬುಕ್ ಒಂದೇ ಕವರಿನಲ್ಲಿಡಿ. ಹೊಸ ಊರಿಗೆ ಹೋದ ಖುಷಿಯಲ್ಲಿ ಹಳೆಯ ಸಿಮ್ ಬಿಸಾಡಬೇಡಿ, ಒಟಿಪಿ ಬರುವುದು ಅದಕ್ಕೇ.