ಮನೆಯಲ್ಲಿ ಕನ್ನಡ, ಹೊರಗೆ ಮರಾಠಿ, ಶಾಲೆಯಲ್ಲಿ ಇಂಗ್ಲಿಷ್: ಪುಣೆ ಕನ್ನಡಿಗರ ಮಕ್ಕಳು ಕನ್ನಡ ಓದಲು ಕಲಿಯುವುದು ಹೇಗೆ?

ಪುಣೆ: ಊರಿನಿಂದ ಅಜ್ಜಿಯ ವಿಡಿಯೋ ಕಾಲ್ ಬರುತ್ತದೆ. "ಊಟ ಆತೇನಪಾ?" ಎಂದು ಅಜ್ಜಿ ಕೇಳುತ್ತಾರೆ. ಮೂರನೇ ತರಗತಿಯ ಮೊಮ್ಮಗನಿಗೆ ಪ್ರಶ್ನೆ ಅರ್ಥವಾಗುತ್ತದೆ. ಆದರೆ ಉತ್ತರ ಬರುವುದು "ಹೋ ಅಜ್ಜಿ, ಝಾಲಂ" ಎಂದು ಮರಾಠಿಯಲ್ಲಿ. ಮಾತು ಮುಂದುವರಿದರೆ ಇಂಗ್ಲಿಷ್. ಪಕ್ಕದಲ್ಲಿರುವ ಅಪ್ಪ ಅಥವಾ ಅಮ್ಮ ಅಜ್ಜಿಗೆ ಅನುವಾದ ಮಾಡಿ ಹೇಳಬೇಕು.

ಹಿಂಜವಡಿ, ವಾಕಡ್, ಪಿಂಪ್ರಿ-ಚಿಂಚವಡ, ಕೋಥ್ರೂಡ್‌ನಂಥ ಬಡಾವಣೆಗಳ ಕನ್ನಡ ಕುಟುಂಬಗಳಿಗೆ ಇಂಥ ದೃಶ್ಯ ಹೊಸದೇನಲ್ಲ. ಮಗುವಿಗೆ ಕನ್ನಡ ಕೇಳಿದರೆ ತಿಳಿಯುತ್ತದೆ, ಮಾತು ಅರೆಬರೆ ಬರುತ್ತದೆ, ಓದಲು ಬರುವುದಿಲ್ಲ. "ಮೊದಲೇ ಮರಾಠಿ, ಹಿಂದಿ, ಇಂಗ್ಲಿಷ್ ಇದೆ. ಕನ್ನಡವೂ ಸೇರಿದರೆ ಮಗುವಿಗೆ ಹೊರೆಯಾಗುವುದಿಲ್ಲವೇ?" ಎಂಬುದು ಹಲವು ಪೋಷಕರ ಪ್ರಶ್ನೆ. ಈ ಆತಂಕ ಎಷ್ಟು ಸರಿ? ಮನೆಯಲ್ಲೇ ಕಲಿಸಲು ಪುಸ್ತಕಗಳು ಎಲ್ಲಿ ಸಿಗುತ್ತವೆ? ವಿವರ ಇಲ್ಲಿದೆ.

ಶಾಲೆಯಲ್ಲಿ ಕನ್ನಡಕ್ಕೆ ಜಾಗ ಎಲ್ಲಿದೆ?

2011ರ ಜನಗಣತಿ ಪ್ರಕಾರ ಮಹಾರಾಷ್ಟ್ರದಲ್ಲಿ ಕನ್ನಡ ಮಾತೃಭಾಷೆಯವರು ಸುಮಾರು 10 ಲಕ್ಷ. ಇವರಲ್ಲಿ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಭಾಗದವರು ತಲೆಮಾರುಗಳಿಂದ ಅಲ್ಲಿಯೇ ಇರುವವರು. ಅಲ್ಲಿ ಕನ್ನಡ ಮಾಧ್ಯಮ ಶಾಲೆಗಳೂ ಇವೆ. ಆದರೆ ಪುಣೆಯ ಬಹುತೇಕ ಕನ್ನಡಿಗರು ನೌಕರಿ, ಹೋಟೆಲ್, ವ್ಯಾಪಾರಕ್ಕೆಂದು ಬಂದು ನೆಲೆಸಿದವರು. ಇಲ್ಲಿನ ಕನ್ನಡ ಸಂಘವು ಡಾ. ಕಲ್ಮಾಡಿ ಶಾಮರಾವ್ ಹೆಸರಿನ ಶಾಲೆ ಹಾಗೂ ಕಾವೇರಿ ಹೆಸರಿನ ವಿದ್ಯಾಸಂಸ್ಥೆಗಳನ್ನು ನಡೆಸುತ್ತಿದೆ. ಆದರೂ ವಿಶಾಲವಾಗಿ ಬೆಳೆದ ಈ ನಗರದ ಹೆಚ್ಚಿನ ಕನ್ನಡ ಮಕ್ಕಳು ಹೋಗುವುದು ಮನೆ ಹತ್ತಿರದ ಇಂಗ್ಲಿಷ್ ಮಾಧ್ಯಮ ಶಾಲೆಗೆ.

2020ರ ಕಾಯ್ದೆಯಂತೆ ಮಹಾರಾಷ್ಟ್ರದಲ್ಲಿ ಯಾವುದೇ ಮಂಡಳಿಯ ಶಾಲೆಯಾದರೂ 1ರಿಂದ 10ನೇ ತರಗತಿವರೆಗೆ ಮರಾಠಿ ಕಲಿಸುವುದು ಕಡ್ಡಾಯ. 2025ರ ಏಪ್ರಿಲ್‌ನಲ್ಲಿ ರಾಜ್ಯ ಸರ್ಕಾರ 1ನೇ ತರಗತಿಯಿಂದಲೇ ಹಿಂದಿಯನ್ನು ಮೂರನೇ ಭಾಷೆಯಾಗಿ ಕಲಿಸಲು ಆದೇಶ ಹೊರಡಿಸಿತ್ತು. ಭಾರಿ ವಿರೋಧದ ಬಳಿಕ ಜೂನ್ 29ರಂದು ಅದನ್ನು ಹಿಂಪಡೆದು, ಅರ್ಥಶಾಸ್ತ್ರಜ್ಞ ನರೇಂದ್ರ ಜಾಧವ್ ಅಧ್ಯಕ್ಷತೆಯಲ್ಲಿ ಸಮಿತಿ ರಚಿಸುವುದಾಗಿ ಘೋಷಿಸಿತು. ಹಿಂದಿಯ ವಿಷಯದಲ್ಲಿ ಏನೇ ತೀರ್ಮಾನವಾದರೂ ಕನ್ನಡ ಮನೆಯ ಮಗುವಿನ ಪಾಲಿಗೆ ಒಂದು ಮಾತು ಬದಲಾಗುವುದಿಲ್ಲ: ಇಂಗ್ಲಿಷ್, ಮರಾಠಿಯನ್ನು ಶಾಲೆ ಕಲಿಸುತ್ತದೆ, ಕನ್ನಡವನ್ನು ಮನೆಯೇ ಕಲಿಸಬೇಕು.

ಹೆಚ್ಚು ಭಾಷೆ ಕಲಿತರೆ ಮಗುವಿಗೆ ಹೊರೆಯೇ?

ಎರಡು ಭಾಷೆ ಕಲಿತರೆ ಮಕ್ಕಳ ಬುದ್ಧಿ ಗೊಂದಲಕ್ಕೀಡಾಗುತ್ತದೆ ಎಂಬ ನಂಬಿಕೆ ಒಂದು ಕಾಲದಲ್ಲಿ ತಜ್ಞರಲ್ಲೂ ಇತ್ತು. 1962ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಎಲಿಜಬೆತ್ ಪೀಲ್ ಮತ್ತು ವ್ಯಾಲೇಸ್ ಲ್ಯಾಂಬರ್ಟ್ ಹತ್ತು ವರ್ಷದ ಮಕ್ಕಳ ಮೇಲೆ ನಡೆಸಿದ ಅಧ್ಯಯನ ಈ ನಂಬಿಕೆಯನ್ನು ಅಲುಗಾಡಿಸಿತು. ಫ್ರೆಂಚ್, ಇಂಗ್ಲಿಷ್ ಎರಡನ್ನೂ ಚೆನ್ನಾಗಿ ಬಲ್ಲ ಮಕ್ಕಳು ಒಂದೇ ಭಾಷೆಯ ಮಕ್ಕಳಿಗಿಂತ ಬುದ್ಧಿಶಕ್ತಿಯ ಪರೀಕ್ಷೆಗಳಲ್ಲಿ ಮುಂದಿದ್ದರು. ಭಾರತದಲ್ಲಿ ಮನಃಶಾಸ್ತ್ರಜ್ಞ ಅಜಿತ್ ಮೊಹಂತಿ ಅವರು ಒಡಿಶಾದ ಕಂಧ ಬುಡಕಟ್ಟಿನ ಮಕ್ಕಳನ್ನು ಅಧ್ಯಯನ ಮಾಡಿದರು. ಅಲ್ಲಿಯೂ ಕುಯಿ ಮತ್ತು ಒಡಿಯಾ ಎರಡೂ ಬಲ್ಲ ಮಕ್ಕಳಿಗೆ ಹಿನ್ನಡೆಯಾಗಿರಲಿಲ್ಲ, ಬದಲಿಗೆ ಅನುಕೂಲವೇ ಆಗಿತ್ತು. ದ್ವಿಭಾಷಿಕತೆ ಬುದ್ಧಿಯನ್ನು ಎಷ್ಟು ಚುರುಕುಗೊಳಿಸುತ್ತದೆ ಎಂಬ ಚರ್ಚೆ ಇಂದಿಗೂ ಇದೆ. ಆದರೆ ಅದರಿಂದ ಮಗುವಿಗೆ ಹಾನಿ ಎಂಬ ವಾದಕ್ಕೆ ಈಗ ಬೆಲೆ ಉಳಿದಿಲ್ಲ.

ಕೆನಡಾದ ಇನ್ನೊಬ್ಬ ವಿದ್ವಾಂಸ ಜಿಮ್ ಕಮಿನ್ಸ್ ಪೋಷಕರಿಗೆ ಉಪಯುಕ್ತವಾದ ಎರಡು ಅಂಶಗಳನ್ನು ಹೇಳಿದ್ದಾರೆ. ಮೊದಲನೆಯದು, ಒಂದು ಭಾಷೆಯಲ್ಲಿ ಗಟ್ಟಿಯಾದ ಓದು ಮತ್ತು ತಿಳಿವಳಿಕೆ ಇನ್ನೊಂದು ಭಾಷೆಗೂ ದಾಟುತ್ತದೆ. ಕಥೆಯ ಸಾರ ಹಿಡಿಯುವುದನ್ನು ಕನ್ನಡದಲ್ಲಿ ಕಲಿತ ಮಗು ಇಂಗ್ಲಿಷ್‌ಗಾಗಿ ಅದನ್ನು ಮತ್ತೆ ಮೊದಲಿನಿಂದ ಕಲಿಯಬೇಕಿಲ್ಲ. ಎರಡನೆಯದು, ಹೊಸ ಭಾಷೆಯಲ್ಲಿ ದಿನನಿತ್ಯದ ಮಾತು ಸುಮಾರು ಎರಡು ವರ್ಷದಲ್ಲಿ ಬಂದರೂ, ಪಾಠ ಅರ್ಥ ಮಾಡಿಕೊಂಡು ಬರೆಯುವ ಮಟ್ಟದ ಭಾಷೆಗೆ ಐದರಿಂದ ಏಳು ವರ್ಷ ಬೇಕು. ಅಂದರೆ ಇಂಗ್ಲಿಷ್‌ನಲ್ಲಿ ಪಟಪಟನೆ ಮಾತನಾಡುವ ಎರಡನೇ ತರಗತಿಯ ಮಗುವಿಗೆ ಪಾಠವೂ ಅಷ್ಟೇ ಸಲೀಸಾಗಿ ಅರ್ಥವಾಗುತ್ತಿದೆ ಎಂದುಕೊಳ್ಳುವಂತಿಲ್ಲ. ಈ ನಡುವಿನ ವರ್ಷಗಳಲ್ಲಿ ಮನೆಮಾತಿನ ವಿವರಣೆ ಆಸರೆಯಾಗುತ್ತದೆ.

2020ರ ರಾಷ್ಟ್ರೀಯ ಶಿಕ್ಷಣ ನೀತಿ ಕೂಡ ಸಾಧ್ಯವಾದಲ್ಲೆಲ್ಲ ಕನಿಷ್ಠ 5ನೇ ತರಗತಿವರೆಗೆ ಮನೆಮಾತು ಅಥವಾ ಸ್ಥಳೀಯ ಭಾಷೆಯಲ್ಲಿ ಬೋಧನೆ ಇರಬೇಕು, ಗಣಿತ ಮತ್ತು ವಿಜ್ಞಾನಕ್ಕೆ ದ್ವಿಭಾಷಾ ಪುಸ್ತಕಗಳು ಬರಬೇಕು ಎನ್ನುತ್ತದೆ.

ಗಣಿತಕ್ಕೂ ಕನ್ನಡದ ನೆರವು

ಇದಕ್ಕೆ ಪುಣೆಯಲ್ಲೇ ಒಂದು ಒಳ್ಳೆಯ ಉದಾಹರಣೆ ಇದೆ. ಮಹಾರಾಷ್ಟ್ರದ ಪಠ್ಯಪುಸ್ತಕಗಳನ್ನು ಸಿದ್ಧಪಡಿಸುವ 'ಬಾಲಭಾರತಿ' ಸಂಸ್ಥೆಯ ಕೇಂದ್ರ ಕಚೇರಿ ಇರುವುದು ಇಲ್ಲಿನ ಸೇನಾಪತಿ ಬಾಪಟ್ ರಸ್ತೆಯಲ್ಲಿ. 2019ರಲ್ಲಿ ಅದು ಹೊರತಂದ 2ನೇ ತರಗತಿಯ ಗಣಿತ ಪುಸ್ತಕ ದೊಡ್ಡ ಚರ್ಚೆಗೆ ಕಾರಣವಾಯಿತು.

ಮರಾಠಿಯಲ್ಲಿ 21ಕ್ಕೆ 'ಏಕವೀಸ' ಎನ್ನುತ್ತಾರೆ. ಅಂದರೆ ಮೊದಲು ಒಂದು, ಆಮೇಲೆ ಇಪ್ಪತ್ತು. ಬರೆಯುವಾಗ ಮೊದಲು 2, ಆಮೇಲೆ 1. ಹೇಳುವ ಕ್ರಮ ಮತ್ತು ಬರೆಯುವ ಕ್ರಮ ತಿರುವುಮುರುವಾದ್ದರಿಂದ ಮಕ್ಕಳು 21ನ್ನು 12 ಎಂದು ಬರೆಯುವುದುಂಟು. ಹೀಗಾಗಿ 'ವೀಸ ಏಕ' ಎಂಬ ರೀತಿಯಲ್ಲೂ ಹೇಳಬಹುದು ಎಂದು ಪುಸ್ತಕ ಸೂಚಿಸಿತ್ತು. ಮರಾಠಿಯ ಸೊಗಡು ಹಾಳಾಗುತ್ತದೆ ಎಂದು ಟೀಕೆಗಳು ಬಂದವು. ಗಣಿತಜ್ಞೆ ಮಂಗಲಾ ನಾರಳೀಕರ್ ಅವರು ಈ ಬದಲಾವಣೆಯನ್ನು ಸಮರ್ಥಿಸಿಕೊಂಡಿದ್ದರು.

ಕನ್ನಡ ಬಲ್ಲ ಮಗುವಿಗೆ ಈ ತೊಡಕೇ ಇಲ್ಲ. 'ಇಪ್ಪತ್ತೊಂದು' ಎಂದರೆ ಇಪ್ಪತ್ತು ಮತ್ತು ಒಂದು. 'ಅರವತ್ತೈದು' ಎಂದರೆ ಅರವತ್ತು ಮತ್ತು ಐದು. ಹತ್ತರ ಸ್ಥಾನ, ಬಿಡಿ ಸ್ಥಾನ ಎರಡೂ ಹೆಸರಿನಲ್ಲೇ ಕೇಳಿಸುತ್ತವೆ. ಭಿನ್ನರಾಶಿಯೂ ಹಾಗೆಯೇ. 'ಮುಕ್ಕಾಲು' ಎಂಬ ಪದವನ್ನು ಬಿಡಿಸಿದರೆ ಮೂರು ಕಾಲು ಭಾಗ ಎಂಬ ಲೆಕ್ಕ ಸಿಗುತ್ತದೆ. ಒಂದು ರೊಟ್ಟಿಯನ್ನು ನಾಲ್ಕು ತುಂಡು ಮಾಡಿ, ಮೂರು ತುಂಡು ತಟ್ಟೆಗೆ ಹಾಕಿ 'ಮುಕ್ಕಾಲು ರೊಟ್ಟಿ' ಎಂದರೆ ಪಾಠ ಮುಗಿಯಿತು. ಅದಕ್ಕೆ ಇಂಗ್ಲಿಷ್ ಹೆಸರೇನು ಎಂಬುದನ್ನು ಶಾಲೆ ಹೇಳಿಕೊಡುತ್ತದೆ.

ಲಿಪಿ ಬೇರೆ, ವರ್ಣಮಾಲೆಯ ಕ್ರಮ ಒಂದೇ

ಕನ್ನಡ ಲಿಪಿ ಕಲಿಸಲು ವರ್ಷಗಟ್ಟಲೆ ಬೇಕು ಎಂಬ ಭಯವೂ ಬೇಡ. ಶಾಲೆಯಲ್ಲಿ ದೇವನಾಗರಿ ಕಲಿತ ಮಗುವಿಗೆ ಸ್ವರ, ಕವರ್ಗ, ಚವರ್ಗ ಎಂಬ ಕ್ರಮ ಆಗಲೇ ಗೊತ್ತಿರುತ್ತದೆ. ಕಾಗುಣಿತ ಎಂದರೇನು ಎಂಬುದೂ ಗೊತ್ತು. ಹಿಂದಿಯಲ್ಲಿ ಅಪರೂಪವಾದ 'ಳ' ಕೂಡ ಮರಾಠಿಯಲ್ಲಿದೆ. ಹೊಸದಾಗಿ ಕಲಿಯಬೇಕಿರುವುದು ಅಕ್ಷರದ ಆಕಾರ ಮಾತ್ರ. ಗಮನ ಬೇಕಾದ ಜಾಗಗಳು ಎರಡು:

* ಎ-ಏ, ಒ-ಓ ವ್ಯತ್ಯಾಸ: ಮರಾಠಿ ಬರವಣಿಗೆಯಲ್ಲಿ ಈ ಹ್ರಸ್ವ-ದೀರ್ಘ ಭೇದವಿಲ್ಲ. ಹೀಗಾಗಿ ಮಕ್ಕಳು 'ಬೆಳೆ' ಮತ್ತು 'ಬೇಳೆ', 'ಕೊಡು' ಮತ್ತು 'ಕೋಡು' ಪದಗಳನ್ನು ಒಂದೇ ರೀತಿ ಓದಬಹುದು. ಇಂಥ ಜೋಡಿ ಪದಗಳನ್ನು ಬರೆದು ಆಟವಾಡಿಸಿದರೆ ಸಾಕು.

* ಒತ್ತಕ್ಷರ: ದೇವನಾಗರಿಯಲ್ಲಿ ಸಾಮಾನ್ಯವಾಗಿ ಮೊದಲ ವ್ಯಂಜನ ಅರ್ಧವಾಗುತ್ತದೆ. ಕನ್ನಡದಲ್ಲಿ ಎರಡನೆಯದು ಕೆಳಗೆ ಒತ್ತಾಗಿ ಬರುತ್ತದೆ. 'ಅಮ್ಮ', 'ಅಕ್ಕ', 'ಅಜ್ಜ' ಎಂಬ ಮನೆಯ ಪದಗಳಿಂದಲೇ ಶುರು ಮಾಡಬಹುದು.

ಪದಗಳ ಹೋಲಿಕೆಯೂ ಮಕ್ಕಳಿಗೆ ಒಳ್ಳೆಯ ಆಟ. ಕನ್ನಡದ 'ತುಪ್ಪ' ಮರಾಠಿಯಲ್ಲಿ 'ತೂಪ'. ಕನ್ನಡದಲ್ಲಿ 'ತಾಯಿ' ಎಂದರೆ ಅಮ್ಮ, ಮರಾಠಿಯಲ್ಲಿ 'ತಾಈ' ಎಂದರೆ ಅಕ್ಕ. 'ಕಾದಂಬರಿ' ಎರಡೂ ಭಾಷೆಯಲ್ಲಿ ಕಾದಂಬರಿಯೇ. ಆದರೆ ಹಿಂದಿಯಲ್ಲಿ ಅದಕ್ಕೆ 'ಉಪನ್ಯಾಸ್' ಎನ್ನುತ್ತಾರೆ. ಕನ್ನಡದಲ್ಲಿ ಉಪನ್ಯಾಸ ಎಂದರೆ ಭಾಷಣ!

ಪುಸ್ತಕಗಳು ಎಲ್ಲಿ ಸಿಗುತ್ತವೆ?

ಈ ಕೆಳಗಿನವುಗಳನ್ನು ಉಚಿತವಾಗಿ ಬಳಸಬಹುದು.

* ಬಾಲಭಾರತಿ: 1967ರಲ್ಲಿ ಆರಂಭವಾದ ಈ ಸಂಸ್ಥೆ ಮರಾಠಿ, ಇಂಗ್ಲಿಷ್, ಹಿಂದಿ, ಉರ್ದು, ಗುಜರಾತಿ, ಸಿಂಧಿ, ತೆಲುಗು ಜೊತೆಗೆ ಕನ್ನಡದಲ್ಲೂ ಪಠ್ಯಪುಸ್ತಕ ಪ್ರಕಟಿಸುತ್ತದೆ. 'ಇ-ಬಾಲಭಾರತಿ' ಜಾಲತಾಣದಲ್ಲಿ ಪಿಡಿಎಫ್ ಸಿಗುತ್ತದೆ. ರಾಜ್ಯ ಪಠ್ಯಕ್ರಮದಲ್ಲಿ ಓದುವ ಮಕ್ಕಳಿಗೆ ಇದರಿಂದ ದೊಡ್ಡ ಅನುಕೂಲ. ಶಾಲೆಯಲ್ಲಿ ಇಂಗ್ಲಿಷ್‌ನಲ್ಲಿ ಓದುವ ಗಣಿತ, ವಿಜ್ಞಾನ ಪಾಠವನ್ನೇ ಮನೆಯಲ್ಲಿ ಕನ್ನಡದಲ್ಲಿ ನೋಡಬಹುದು.

* ಕರ್ನಾಟಕ ಪಠ್ಯಪುಸ್ತಕ ಸಂಘ: ಕರ್ನಾಟಕದ ಶಾಲಾ ಪುಸ್ತಕಗಳ ಪಿಡಿಎಫ್ ಇಲ್ಲಿ ಲಭ್ಯ. ಪ್ರಥಮ ಭಾಷೆ ಕನ್ನಡ ಕಷ್ಟ ಎನಿಸಿದರೆ, ಕನ್ನಡವನ್ನು ದ್ವಿತೀಯ ಭಾಷೆಯಾಗಿ ಕಲಿಯುವವರಿಗೆಂದೇ ಇರುವ ಪುಸ್ತಕಗಳನ್ನು ಆರಿಸಿಕೊಳ್ಳಬಹುದು.

* ಸ್ಟೋರಿವೀವರ್: ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಮಕ್ಕಳ ಕಥೆಗಳ ತಾಣ. ಒಂದೇ ಚಿತ್ರಕಥೆ ಕನ್ನಡ, ಮರಾಠಿ, ಇಂಗ್ಲಿಷ್ ಮೂರರಲ್ಲೂ ಸಿಗುವುದುಂಟು. ಕಥೆಗಳನ್ನು ನಾಲ್ಕು ಓದಿನ ಹಂತಗಳಾಗಿ ವಿಂಗಡಿಸಲಾಗಿದೆ. ಡೌನ್‌ಲೋಡ್, ಪ್ರಿಂಟ್, ಅನುವಾದಕ್ಕೂ ಅವಕಾಶವಿದೆ.

* ರಾಷ್ಟ್ರೀಯ ಇ-ಪುಸ್ತಕಾಲಯ: ನ್ಯಾಷನಲ್ ಬುಕ್ ಟ್ರಸ್ಟ್ ಸಹಯೋಗದ ಈ ಆ್ಯಪ್ 2024ರಲ್ಲಿ ಬಂದಿದೆ. ಪಠ್ಯೇತರ ಪುಸ್ತಕಗಳನ್ನು ವಯಸ್ಸಿಗೆ ತಕ್ಕಂತೆ ವಿಂಗಡಿಸಿ ಕೊಡಲಾಗಿದೆ.

* ದೀಕ್ಷಾ: 2017ರಲ್ಲಿ ಆರಂಭವಾದ ಕೇಂದ್ರದ ವೇದಿಕೆ. ಪಠ್ಯಪುಸ್ತಕದಲ್ಲಿರುವ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಆ ಪಾಠದ ವಿಡಿಯೋ, ಅಭ್ಯಾಸ ತೆರೆದುಕೊಳ್ಳುತ್ತದೆ.

ಯಾವ ವಯಸ್ಸಿಗೆ ಏನು ಕಲಿಸಬೇಕು?

3ರಿಂದ 6 ವರ್ಷ: ಅಕ್ಷರಕ್ಕೆ ಅವಸರ ಬೇಡ. ಮಾತು, ಕಥೆ, ಶಿಶುಗೀತೆ, ಎಣಿಕೆ ಸಾಕು. ಚಿತ್ರಪುಸ್ತಕವನ್ನು ಮಗುವಿನ ಪಕ್ಕ ಕುಳಿತು ಓದಿ ಹೇಳಬೇಕು. ಈ ಹಂತದಲ್ಲಿ ಮಗು ಎಷ್ಟು ಕನ್ನಡ ಪದ ಕೇಳುತ್ತದೆಯೋ ಮುಂದಿನ ಓದಿಗೆ ಅಷ್ಟು ಅನುಕೂಲ.

6ರಿಂದ 9 ವರ್ಷ: ಕನ್ನಡ ಲಿಪಿ ಆರಂಭಿಸಲು ಸೂಕ್ತ ಕಾಲ. ಶಾಲೆಯಲ್ಲಿ ಒಂದು ಲಿಪಿ ಸ್ವಲ್ಪ ಗಟ್ಟಿಯಾದ ಮೇಲೆ ಕನ್ನಡ ತೆಗೆದುಕೊಂಡರೆ ಗೊಂದಲ ಕಡಿಮೆ. ದಿನಕ್ಕೆ 15 ನಿಮಿಷ ಸಾಕು. ಮೂರನೇ ತರಗತಿಯ ಮಗುವಾದರೂ ಕನ್ನಡಕ್ಕೆ ಒಂದನೇ ತರಗತಿಯ ಪುಸ್ತಕವೇ ಇರಲಿ. ಒಂದು ಕಥೆಯನ್ನು ಮೊದಲು ಕನ್ನಡದಲ್ಲಿ, ಮರುದಿನ ಅದನ್ನೇ ಮರಾಠಿ ಅಥವಾ ಇಂಗ್ಲಿಷ್‌ನಲ್ಲಿ ಓದಿಸಬಹುದು.

9 ವರ್ಷ ಮೇಲ್ಪಟ್ಟವರು: ಈ ವಯಸ್ಸಿನ ಮಕ್ಕಳಿಗೆ 'ಏಕೆ ಕಲಿಯಬೇಕು' ಎಂಬುದಕ್ಕೆ ಕಾರಣ ಬೇಕು. ಕಿರಾಣಿ ಪಟ್ಟಿ ಬರೆಯುವುದು, ಊರಿಗೆ ಹೋದಾಗ ಬಸ್ಸಿನ ಬೋರ್ಡ್ ಓದುವುದು, ಕ್ರಿಕೆಟ್ ಸುದ್ದಿ ಓದುವುದು, ಅಜ್ಜ-ಅಜ್ಜಿಗೆ ಕನ್ನಡದಲ್ಲಿ ವಾಟ್ಸ್ಆ್ಯಪ್ ಮೆಸೇಜ್ ಕಳಿಸುವುದು, ಇವು ಬಳಕೆಯ ದಾರಿಗಳು.

ಸಾಮಾನ್ಯವಾಗಿ ಆಗುವ ತಪ್ಪುಗಳು

ಕನ್ನಡದಲ್ಲಿ ಕೇಳಿದ್ದಕ್ಕೆ ಮಗು ಮರಾಠಿಯಲ್ಲಿ ಉತ್ತರಿಸಿದರೆ ಗದರುವುದು ಮೊದಲ ತಪ್ಪು. ಎರಡು ಭಾಷೆ ಬೆರೆಸುವುದು ಬಹುಭಾಷಿಕ ಮಕ್ಕಳಲ್ಲಿ ಸಹಜ. ಅದೇ ಉತ್ತರವನ್ನು ದೊಡ್ಡವರು ಕನ್ನಡದಲ್ಲಿ ಒಮ್ಮೆ ಹೇಳಿ ಮಾತು ಮುಂದುವರಿಸಿದರೆ ಸಾಕು. ಅಪ್ಪ ಕನ್ನಡ, ಅಮ್ಮ ಮರಾಠಿ ಆಗಿರುವ ಮನೆಗಳಲ್ಲಿ ಒಬ್ಬೊಬ್ಬರು ತಮ್ಮ ತಮ್ಮ ಭಾಷೆಯಲ್ಲೇ ಮಗುವಿನೊಂದಿಗೆ ಮಾತನಾಡುವ ಪದ್ಧತಿ ಅನುಸರಿಸಬಹುದು.

ಮಗು ಮಾತು ಕಲಿಯುವುದು ತಡವಾದರೆ ಮನೆಯ ಭಾಷೆಯನ್ನೇ ಬಿಟ್ಟುಬಿಡುವುದು ಎರಡನೇ ತಪ್ಪು. ಎರಡು ಭಾಷೆ ಕೇಳುವುದರಿಂದ ಮಾತಿನ ದೋಷ ಬರುವುದಿಲ್ಲ. ಎರಡು ವರ್ಷ ತುಂಬಿದರೂ ಮಗು ಎರಡು ಪದ ಜೋಡಿಸದಿದ್ದರೆ ವಾಕ್-ಶ್ರವಣ ತಜ್ಞರನ್ನು ಕಾಣಬೇಕು. ಮನೆಯ ಎಲ್ಲ ಭಾಷೆಗಳನ್ನೂ ಅವರಿಗೆ ತಿಳಿಸಬೇಕು.

ಮೂರನೆಯದು, ಕನ್ನಡಕ್ಕಾಗಿ ಮರಾಠಿಯನ್ನು ದೂರ ಇಡುವುದು. ಮಗುವಿನ ಗೆಳೆಯರು, ಆಟ, ಊರು ಎಲ್ಲವೂ ಮರಾಠಿಯಲ್ಲಿದೆ. ಒಂದನ್ನು ಕಿತ್ತು ಇನ್ನೊಂದನ್ನು ನೆಡಬೇಕಿಲ್ಲ. ವರಕವಿ ದ.ರಾ. ಬೇಂದ್ರೆ ಅವರ ಮನೆಮಾತು ಮರಾಠಿ. ಓದಿದ್ದು ಇದೇ ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ. ಕನ್ನಡದ 'ನಾಕುತಂತಿ'ಗೆ 1973ರ ಜ್ಞಾನಪೀಠ ಪ್ರಶಸ್ತಿ ಪಡೆದ ಅವರು ಮರಾಠಿಯಲ್ಲೂ ಬರೆದರು.

ಎಲ್ಲರ ಮಕ್ಕಳೂ ಕವಿಗಳಾಗಬೇಕಿಲ್ಲ. ದಿನಕ್ಕೆ 15 ನಿಮಿಷದಂತೆ ಮುಂದುವರಿದರೆ, ಮುಂದಿನ ದಸರಾ ರಜೆ ಹೊತ್ತಿಗೆ ಮಗು ಒಂದು ಸಣ್ಣ ಕಥೆಯನ್ನು ತಾನೇ ಓದುವಂತಾಗಬಹುದು. ಅಜ್ಜಿಯ ಮುಂದಿನ ವಿಡಿಯೋ ಕಾಲ್‌ನಲ್ಲಿ ಅನುವಾದಕ್ಕೆ ಪಕ್ಕದಲ್ಲಿ ಯಾರೂ ಕೂರಬೇಕಾಗಿ ಬಾರದಿದ್ದರೆ ಅಷ್ಟೇ ಸಾಕು.