ತೊಟ್ಟಿಲಿಗೆ ಕವಿದ ಬಿಳುಪು

ಮರದ ಸಾಮಾನಿಗೆ ಅರಗಿನ ಪಾಲಿಷು ಹಾಕಿಸಿದ ಗೃಹಸ್ಥರಲ್ಲಿ ಅನೇಕರಿಗೆ ಈ ಸಂಕಟವು ಪರಿಚಿತವಾಗಿಯೇ ಇರಬೇಕು. ಕನ್ನಡಿಯಂತೆ ಹೊಳೆಯುತ್ತಿದ್ದ ಮೈ ನೋಡನೋಡುತ್ತಿರುವಂತೆಯೇ ಮಂಜು ಕವಿದಂತೆ ಬೆಳ್ಳಗಾಗಿಬಿಡುತ್ತದೆ. ಎಷ್ಟು ಒರಸಿದರೂ ಹೋಗದು.

ಕೋಲಾರದ ಚಿನ್ನದ ಗಣಿಯ ರಾಬರ್ಟ್‌ಸನ್‌ಪೇಟೆಯಲ್ಲಿ ನಾವು ವಾಸವಾಗಿದ್ದಾಗ ತಂಗಿಯ ನಾಮಕರಣವು ಬಂದಿತು. ಮನೆತನದ ಹಳೆಯ ತೊಟ್ಟಿಲಿಗೆ ಹೊಳಪು ಕೊಡಿಸಲು ಬಂಗಾರಪೇಟೆಯಿಂದ ಮುದುಕನಾದ ಒಬ್ಬ ಕೆಲಸಗಾರನನ್ನು ಕರೆಸಿದರು. ಕಾರ್ತಿಕ ಮಾಸ, ಮೂರು ದಿನಗಳಿಂದ ಜಡಿಮಳೆ. “ಅಮ್ಮನವರೇ, ಬಿಸಿಲು ಕಾಣುವ ತನಕ ತಡೆಯೋಣ, ಈ ತಂಡಿಗೆ ಪಾಲಿಷು ನಿಲ್ಲದು” ಎಂದು ಅವನು ಕೇಳಿಕೊಂಡನು. ಮರುದಿನ ಬೆಳಿಗ್ಗೆಯೇ ಮುಹೂರ್ತವಾದುದರಿಂದ ನಮ್ಮ ಅಜ್ಜಿಯು ಒಪ್ಪಲಿಲ್ಲ. ದೀಪ ಹಚ್ಚುವ ಹೊತ್ತಿಗೆ ತೊಟ್ಟಿಲೆಲ್ಲ ಬಿಳಿಚಿಕೊಂಡಿತು. ಸ್ಪಿರಿಟ್ಟಿಗೆ ನೀರು ಬೆರೆಸಿದ್ದಾನೆಂದು ಅಜ್ಜಿಯು ಅರ್ಧ ಕೂಲಿಯನ್ನು ಹಿಡಿದುಬಿಟ್ಟರು. ಅವನು ವಾದಿಸಲಿಲ್ಲ, ಮಿಕ್ಕ ಪಾಲಿಷಿದ್ದ ಸೀಸೆಯನ್ನು ಸಹ ಅಲ್ಲಿಯೇ ಬಿಟ್ಟು ಹೊರಟುಹೋದನು.

ನೀರು ಬೆರೆತದ್ದೇನೋ ನಿಜ. ಆದರೆ ಬೆರೆಸಿದವನು ಅವನಲ್ಲ.

ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ ಮರಕ್ಕೆ ಸವರಿದಾಗ ಸ್ಪಿರಿಟ್ಟು ಬೇಗನೆ ಆವಿಯಾಗಿ ಹೋಗುತ್ತದೆ. ಹೋಗುವಾಗ ಬರಿಗೈಲಿ ಹೋಗುವುದಿಲ್ಲ. ಮೈಯ ಶಾಖವನ್ನೂ ಕೊಂಡೊಯ್ಯುತ್ತದೆ. ಅಂಗೈಗೆ ಸ್ಪಿರಿಟ್ಟನ್ನು ಹಚ್ಚಿಕೊಂಡರೆ ತಣ್ಣಗೆನಿಸುವುದು ಇದರಿಂದಲೇ. ಮಳೆಗಾಲದ ಗಾಳಿಯಲ್ಲಿ ನೀರಾವಿಯು ತುಂಬಿರುವುದರಿಂದ, ಹೀಗೆ ತಣಿದ ಮೈಮೇಲೆ ಅದು ಇಬ್ಬನಿಯಾಗಿ ಇಳಿಯುತ್ತದೆ. ಹನಿಗಳು ಕಣ್ಣಿಗೆ ಕಾಣದಷ್ಟು ಚಿಕ್ಕವು. ಅರಗು ನೀರಿನಲ್ಲಿ ಕರಗದ ವಸ್ತುವಾದುದರಿಂದ, ನೀರು ಸೇರಿದೊಡನೆ ಅಲ್ಲಲ್ಲಿ ಬೇರ್ಪಟ್ಟು ಗಟ್ಟಿಯಾಗುತ್ತದೆ. ಹನಿಗಳೂ ಅವು ಬಿಟ್ಟ ಕುಳಿಗಳೂ ಬೆಳಕನ್ನು ನಾನಾ ಕಡೆಗೆ ಚೆದುರಿಸುವುದರಿಂದ ಪಾಲಿಷು ಬೆಳ್ಳಗೆ ತೋರುತ್ತದೆ.

ಗಣಿಯೊಳಗಿನವರಿಗೆ ಇಂತಹ ಇಬ್ಬನಿಯು ಹೊಸದಲ್ಲ. 2001ರಲ್ಲಿ ಮುಚ್ಚಿದ ಆ ಗಣಿಗಳು 3 ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿದ್ದವು. ತಳದ ಬಂಡೆಯ ಶಾಖವು 60 ಡಿಗ್ರಿ ಸೆಂಟಿಗ್ರೇಡನ್ನು ಮೀರಿತ್ತು. ಮಾಗಿಯ ಚಳಿಯಲ್ಲಿ ಮೇಲಿನಿಂದ ಕೊಂಡೊಯ್ದ ಗಡಿಯಾರದ ಗಾಜು, ಕೆಳಗಿನ ಬಿಸಿಯಾದ ತೇವದ ಗಾಳಿ ತಗಲಿದೊಡನೆ ಮಬ್ಬಾಗುತ್ತಿತ್ತೆಂದು ನಮ್ಮ ತಂದೆಯವರು ಹೇಳುತ್ತಿದ್ದರು.

ಗಾಜಿನ ಮೇಲೆ ಉಸಿರೂದಿದಾಗ ಮೂಡುವ ಇಂತಹ ಮಬ್ಬನ್ನೇ ಜಾನ್ ಏಟ್‌ಕೆನ್ ಎಂಬ ಸ್ಕಾಟ್ಲೆಂಡಿನ ವಿಜ್ಞಾನಿಯು 1893ರಲ್ಲಿಯೂ, ಲಾರ್ಡ್ ರೇಲಿಯವರು 1911ರಲ್ಲಿಯೂ ಶ್ರದ್ಧೆಯಿಂದ ಪರೀಕ್ಷಿಸಿದರು. ದೊಡ್ಡವರಿಗೆ ಇದೆಂತಹ ಮಕ್ಕಳಾಟವೆಂದು ವಾಚಕರು ನಗಬಾರದು. ಗಾಜಿನ ಮೇಲೆ ಒಮ್ಮೆ ಜ್ವಾಲೆಯನ್ನು ಹಾಯಿಸಿ ಬಳಿಕ ಉಸಿರೂದಿದರೆ, ಜ್ವಾಲೆ ಹಾದ ಜಾಡು ಬೇರೆಯಾಗಿ ಎದ್ದು ಕಾಣುವುದು. ಮೈ ಎಂತಹುದೋ ಹನಿಯ ವಿನ್ಯಾಸವೂ ಅಂತಹುದು.

ಕೆಲಸಗಾರರು ಅಂಜುತ್ತಿದ್ದ ಈ ದೋಷವನ್ನೇ ಪಂಡಿತರು ಮುಂದೆ ಬೇಕೆಂದು ಬರಮಾಡಿಕೊಂಡರು. 1994ರಲ್ಲಿ ಫ್ರಾನ್ಸ್ ದೇಶದ ವಿಡಾವ್ಸ್ಕಿ, ರಾವಿಸೊ, ಫ್ರಾಂಸ್ವಾ ಎಂಬವರು ಪಾಲಿಸ್ಟೈರೀನ್ ಎಂಬ ಪಾಲಿಮರನ್ನು, ಎಂದರೆ ಅಣುಗಳು ಸರಪಳಿಯಂತೆ ಕೂಡಿ ಆದ ವಸ್ತುವನ್ನು, ಕಾರ್ಬನ್ ಡೈಸಲ್ಫೈಡಿನಲ್ಲಿ ಕರಗಿಸಿ ತೆಳ್ಳಗೆ ಹರಡಿ, ಅದರ ಮೇಲೆ ತೇವದ ಗಾಳಿಯನ್ನು ಹಾಯಿಸಿದರು. ಇಬ್ಬನಿಯ ಹನಿಗಳು ಒಂದರೊಡನೊಂದು ಕೂಡಿ ದೊಡ್ಡದಾಗಲಿಲ್ಲ. ಪ್ರತಿಯೊಂದರ ಸುತ್ತಲೂ ಪಾಲಿಮರು ಪೊರೆಗಟ್ಟಿ ತಡೆಯಿತು. ಒಂದೇ ಗಾತ್ರದ ಹನಿಗಳು ಒತ್ತೊತ್ತಾಗಿ ಆರು ಮಗ್ಗುಲಿನ ಸಾಲುಗಟ್ಟಿ ನಿಂತವು. ಕೊನೆಗೆ ನೀರೂ ಆರಿಹೋದ ಮೇಲೆ ಉಳಿದದ್ದು ಜೇನುಹುಟ್ಟನ್ನು ಹೋಲುವ ಪೊರೆ! ಅದರ ಕಣ್ಣುಗಳ ಅಗಲವಾದರೋ ಮಿಲಿಮೀಟರಿನ ಸಾವಿರದಲ್ಲಿ ಕೆಲವೇ ಪಾಲು. ಸೂಕ್ಷ್ಮವಾಗಿ ಸೋಸುವುದಕ್ಕೂ, ಜೀವಕೋಶಗಳನ್ನು ಬೆಳೆಸುವ ಹಾಸಾಗಿಯೂ ಇಂತಹ ಪೊರೆಗಳನ್ನು ಪರೀಕ್ಷಿಸಿದ್ದಾರೆ. ಅಂತಹ ಅಚ್ಚುಕಟ್ಟು ನಮ್ಮ ತೊಟ್ಟಿಲಿನ ಬಿಳುಪಿನಲ್ಲಿ ಇದ್ದಿರಲಾರದು. ಅಲ್ಲಿ ಗಾಳಿಗೂ ತೇವಕ್ಕೂ ಹದವಿರಲಿಲ್ಲ.

ಚನ್ನಪಟ್ಟಣದ ಬೊಂಬೆಯವರಿಗೆ ಈ ಕಾಟವಿಲ್ಲ. ಅವರು ತಿರುಗುವ ಮರಕ್ಕೆ ಅರಗಿನ ಕಡ್ಡಿಯನ್ನು ಒತ್ತಿಹಿಡಿಯುತ್ತಾರೆ. ತಿಕ್ಕಾಟದ ಬಿಸಿಗೇ ಅರಗು ಮೆತ್ತಗಾಗಿ ಮೈಗೂಡುತ್ತದೆ. ಆವಿಯಾಗಿ ತಣಿಸಲು ಅಲ್ಲಿ ಸ್ಪಿರಿಟ್ಟೇ ಇಲ್ಲ.

ಸ್ಪಿರಿಟ್ಟಿಗೆ ನೀರು ಬೆರೆತಿದ್ದರೂ ಪಾಲಿಷು ಬೆಳ್ಳಗಾಗುವುದುಂಟು. ಆದುದರಿಂದ ಅಜ್ಜಿಯ ಸಂಶಯವು ತೀರ ನಿರಾಧಾರವಾದುದೆನ್ನಲಾರೆ. ಆದರೆ ಮಾಘಮಾಸದ ಒಂದು ಒಣ ಮಧ್ಯಾಹ್ನ ನಮ್ಮ ತಂದೆಯವರು ಆ ಸೀಸೆಯಲ್ಲಿ ಮಿಕ್ಕಿದ್ದ ಪಾಲಿಷನ್ನೇ ಒಂದು ಮಣೆಗೆ ಹಚ್ಚಿ ನೋಡಿದರು. ಮಣೆ ಥಳಥಳಿಸಿತು, ಬಿಳುಪಿನ ಸುಳಿವಿಲ್ಲ. ಬಳಿಕ ಬಟ್ಟೆಯ ಉಂಡೆಗೆ ಒಂದಿಷ್ಟೇ ಸ್ಪಿರಿಟ್ಟು ಸೋಕಿಸಿ ತೊಟ್ಟಿಲಿನ ಮೇಲೆ ಹಗುರವಾಗಿ ಎಳೆದರು. ಅರಗು ಮತ್ತೆ ಮೆತ್ತಗಾಗಿ, ಕುಳಿಗಳು ಮುಚ್ಚಿಕೊಂಡು, ಹಳೆಯ ಹೊಳಪು ಮರಳಿತು. ಅಜ್ಜಿಯು ಬಹಳ ಹೊತ್ತು ತೊಟ್ಟಿಲನ್ನೇ ನೋಡುತ್ತ ನಿಂತಿದ್ದರು. ಹಿಡಿದಿಟ್ಟ ಅರ್ಧ ಕೂಲಿಯನ್ನು ತಲುಪಿಸಲು ತಂದೆಯವರು ಆ ವಾರವೇ ಬಂಗಾರಪೇಟೆಗೆ ಹೋದರು. ಮುದುಕನು ಊರು ಬಿಟ್ಟು ಮಗನ ಬಳಿಗೆ ಹೋಗಿದ್ದನು. ಎಲ್ಲಿಗೆಂದು ನೆರೆಯವರಿಗೂ ತಿಳಿದಿರಲಿಲ್ಲ.